ಲಿನಕ್ಸ್ ಗಣಕಯಂತ್ರದಲ್ಲಿ ಕನ್ನಡ ಅರ್ಜಿ, ದಾಖಲೆ ಹಾಗೂ ಸಣ್ಣ ಜಾಲತಾಣದ ನಿರ್ವಹಣೆ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕು ಕಸಬಾ, ಬಾಣಾವರ, ಗಂಡಸಿ, ಜಾವಗಲ್ ಮತ್ತು ಕಣಕಟ್ಟೆ ಎಂಬ ಐದು ಹೋಬಳಿಗಳನ್ನು ಒಳಗೊಂಡಿದೆ. ಈ ಭಾಗದ ನಾಗರಿಕರು ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಾಸಸ್ಥಳ ದೃಢೀಕರಣ, ವಿದ್ಯಾರ್ಥಿವೇತನ, ಪಹಣಿ ಪ್ರತಿ ಮುಂತಾದ ಸೇವೆಗಳಿಗೆ ನಾಡಕಚೇರಿ ಹಾಗೂ ಸೇವಾ ಸಿಂಧು ಜಾಲತಾಣಗಳ ಮೂಲಕ ಅರ್ಜಿ ಸಲ್ಲಿಸಲು ಅವಕಾಶವಿದೆ. ಕೊಬ್ಬರಿಯನ್ನು ಬೆಂಬಲ ಬೆಲೆಗೆ ಮಾರಾಟ ಮಾಡಲು ಹೆಸರು ನೋಂದಾಯಿಸುವ ತೆಂಗು ಬೆಳೆಗಾರರಿಗೂ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕಾಗುತ್ತದೆ. ಈ ಎಲ್ಲ ಕೆಲಸಗಳೂ ಮನೆಯ, ಶಾಲೆಯ, ಸಹಕಾರ ಸಂಘದ ಅಥವಾ ಸೇವಾ ಕೇಂದ್ರದ ಒಂದು ಗಣಕಯಂತ್ರವನ್ನು ಅವಲಂಬಿಸಿವೆ.

ಇಂತಹ ಗಣಕಯಂತ್ರಗಳಲ್ಲಿ ಅನೇಕವು ಹಳೆಯವು. ವಿಂಡೋಸ್ 10 ಕಾರ್ಯಾಚರಣೆ ವ್ಯವಸ್ಥೆಗೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದ್ದು, ಹಳೆಯ ಯಂತ್ರಗಳ ಪೈಕಿ ಬಹಳಷ್ಟು ವಿಂಡೋಸ್ 11ಕ್ಕೆ ಬೇಕಾದ ಯಂತ್ರಾಂಶವನ್ನು ಹೊಂದಿಲ್ಲ. ಈ ಹಿನ್ನೆಲೆಯಲ್ಲಿ ಲಿನಕ್ಸ್ ಬಳಸಲು ಇಚ್ಛಿಸುವ ಅಥವಾ ಈಗಾಗಲೇ ಬಳಸುತ್ತಿರುವ ಅರ್ಜಿದಾರರ ಅನುಕೂಲಕ್ಕಾಗಿ, ದಿನನಿತ್ಯದ ಬಳಕೆಯಲ್ಲಿ ಎದುರಾಗುವ ವಿಷಯಗಳನ್ನು ಈ ಕೆಳಗೆ ವಿವರಿಸಲಾಗಿದೆ.

ಮುಖ್ಯವಾಗಿ ತಿಳಿಯಬೇಕಾದುದು ಇಷ್ಟು. ಲಿನಕ್ಸ್‌ನಲ್ಲಿ ಪರವಾನಗಿ ಶುಲ್ಕವಿಲ್ಲ. ಆದರೆ ಮಾರಾಟಗಾರನು ನೋಡಿಕೊಳ್ಳುತ್ತಿದ್ದ ಕೆಲವು ಹೊಣೆಗಳು ಬಳಕೆದಾರನಿಗೆ ವರ್ಗಾವಣೆಯಾಗುತ್ತವೆ. ಹೆಸರನ್ನು ಸರಿಯಾದ ಅಕ್ಷರ ಸಂಕೇತದಲ್ಲಿ ಬರೆಯುವುದು, ದಾಖಲೆಯ ಎರಡನೇ ಪ್ರತಿಯನ್ನು ಇಡುವುದು, ಯಂತ್ರದ ಮೇಲ್ವಿಚಾರಣೆಗೆ ಒಬ್ಬರನ್ನು ಗೊತ್ತುಪಡಿಸುವುದು ಈ ಮೂರು ಹೊಣೆಗಳು. ಇವುಗಳನ್ನು ನಿರ್ವಹಿಸಿದಲ್ಲಿ ಹಳೆಯ ಯಂತ್ರವೂ ಇನ್ನು ಕೆಲವು ವರ್ಷ ಕೆಲಸಕ್ಕೆ ಬರುತ್ತದೆ. ನಿರ್ವಹಿಸದಿದ್ದಲ್ಲಿ ಅರ್ಜಿ ತಿರಸ್ಕೃತವಾಗುವ, ಗಡುವು ಮೀರುವ ಅಥವಾ ವರ್ಷಗಳ ಲೆಕ್ಕಪತ್ರ ಓದಲಾಗದಂತಾಗುವ ಸಂಭವವಿರುತ್ತದೆ.

2. ಲಿನಕ್ಸ್ ಎಂದರೇನು

ಗಣಕಯಂತ್ರದ ಯಂತ್ರಾಂಶಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಮಾಡಿಸುವ ವ್ಯವಸ್ಥೆಯೇ ಕಾರ್ಯಾಚರಣೆ ವ್ಯವಸ್ಥೆ. ಇದರ ತಿರುಳನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ರಚಿಸಿ ಬಿಡುಗಡೆ ಮಾಡಿದರು. ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಪ್ರಕಟಿಸಿದ ಗ್ನೂ ಯೋಜನೆಯ ತಂತ್ರಾಂಶಗಳು ಇದರೊಡನೆ ಸೇರಿ ಪೂರ್ಣ ವ್ಯವಸ್ಥೆಯಾಯಿತು. ಇದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ಬದಲಿಸಬಹುದು, ಪ್ರತಿ ಮಾಡಿ ಹಂಚಬಹುದು.

ತಿರುಳಿಗೆ ಬೇರೆ ಬೇರೆ ತಂತ್ರಾಂಶಗಳನ್ನು ಜೋಡಿಸಿ ಕೊಡುವ ಕಟ್ಟುಗಳನ್ನು ವಿತರಣೆಗಳೆಂದು ಕರೆಯಲಾಗುತ್ತದೆ. 1993ರಲ್ಲಿ ಆರಂಭವಾದ ಡೆಬಿಯನ್, 2004ರಲ್ಲಿ ಮೊದಲು ಬಿಡುಗಡೆಯಾದ ಉಬುಂಟು, ಅದನ್ನು ಆಧರಿಸಿದ ಲಿನಕ್ಸ್ ಮಿಂಟ್ ಹೆಚ್ಚು ಬಳಕೆಯಲ್ಲಿವೆ. ಭಾರತ ಸರ್ಕಾರದ ಸಿಡ್ಯಾಕ್ ಸಂಸ್ಥೆಯು ಡೆಬಿಯನ್ ಆಧರಿಸಿ ಸಿದ್ಧಪಡಿಸಿದ ‘ಬಾಸ್’ ಎಂಬ ವಿತರಣೆಯು 2007ರಲ್ಲಿ ಹೊರಬಂದಿದ್ದು, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅದರಲ್ಲಿ ವ್ಯವಸ್ಥೆ ಮಾಡಲಾಗಿದೆ.

3. ಕನ್ನಡ ನಾಡಿನಲ್ಲಿ ಲಿನಕ್ಸ್

ಲಿನಕ್ಸ್ ನಮ್ಮ ನಾಡಿಗೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಕೈಗಣಕವು ಲಿನಕ್ಸ್‌ನಲ್ಲೇ ಕೆಲಸ ಮಾಡುತ್ತಿತ್ತು. ಅಮಿಡ ಹೆಸರಿನ ಅದರ ಮಾದರಿಯು ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ 2004ರಲ್ಲಿ ಮಾರುಕಟ್ಟೆಗೆ ಬಂದಿತು. ಕಡಿಮೆ ಬೆಲೆಗೆ, ಭಾರತೀಯ ಭಾಷೆಯಲ್ಲಿ, ಗ್ರಾಮೀಣರಿಗೂ ನಿಲುಕುವ ಗಣಕ ಎಂಬುದು ಅದರ ಗುರಿಯಾಗಿತ್ತು. ಮಾರಾಟದಲ್ಲಿ ಅದು ನಿರೀಕ್ಷಿತ ಯಶಸ್ಸು ಕಾಣಲಿಲ್ಲ.

ಶಿಕ್ಷಣ ಕ್ಷೇತ್ರದಲ್ಲಿ ಬಳಕೆ ಹೆಚ್ಚು ಬೇರೂರಿದೆ. ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮದಲ್ಲಿ ಉಬುಂಟು ಬಳಸಿ ತರಬೇತಿ ನೀಡಲಾಯಿತು. ನೆರೆಯ ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯು, ಅನಂತರ ಅದರ ಮುಂದುವರಿಕೆಯಾದ ಕೈಟ್ ಸಂಸ್ಥೆಯು, ಶಾಲೆಗಳ ಗಣಕ ಶಿಕ್ಷಣವನ್ನು ಲಿನಕ್ಸ್ ಮೇಲೆಯೇ ನಡೆಸುತ್ತಿವೆ. ಕಾಸರಗೋಡು ಮತ್ತು ಮಂಜೇಶ್ವರ ಭಾಗದ ಕನ್ನಡ ಮಾಧ್ಯಮ ವಿದ್ಯಾರ್ಥಿಗಳೂ ಇದೇ ವ್ಯವಸ್ಥೆಯಲ್ಲಿ ಕಲಿಯುತ್ತಾರೆ. ಪ್ರೌಢಶಾಲೆಯ ಮಕ್ಕಳಿಗೆ ಇದು ಕಷ್ಟವಾಗುವುದಿಲ್ಲವೆಂಬುದು ಅಲ್ಲಿನ ಅನುಭವದಿಂದ ಸ್ಪಷ್ಟವಾಗುತ್ತದೆ.

ಇ-ಆಡಳಿತದಲ್ಲಿ ಮುಕ್ತ ಮಾನಕಗಳ ಬಳಕೆ ಕುರಿತು 2010ರಲ್ಲಿಯೂ, ಮುಕ್ತ ತಂತ್ರಾಂಶಗಳ ಅಳವಡಿಕೆ ಕುರಿತು 2015ರಲ್ಲಿಯೂ ಭಾರತ ಸರ್ಕಾರವು ನೀತಿಗಳನ್ನು ಪ್ರಕಟಿಸಿದೆ.

4. ಹಳೆಯ ಯಂತ್ರಕ್ಕೆ ಲಿನಕ್ಸ್: ವೆಚ್ಚದ ಲೆಕ್ಕ

ಪರವಾನಗಿ ಶುಲ್ಕವಿಲ್ಲ ಎಂದ ಮಾತ್ರಕ್ಕೆ ವೆಚ್ಚವೇ ಇಲ್ಲವೆಂದು ಭಾವಿಸತಕ್ಕದ್ದಲ್ಲ. ನಿರ್ಧಾರಕ್ಕೆ ಮುನ್ನ ಕೆಳಕಂಡ ಬಾಬ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸೂಕ್ತ.

(ಅ) ಸ್ಮರಣೆ: ಹಗುರವಾದ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಮೇಜುತೆರೆಯು 2 ಜಿಬಿ ಸ್ಮರಣೆಯಲ್ಲೂ ನಡೆಯುತ್ತದೆ. ಆದರೆ ಇಂದಿನ ಜಾಲತಾಣಗಳನ್ನು ತೆರೆಯುವ ವೀಕ್ಷಕ ತಂತ್ರಾಂಶಕ್ಕೇ ಹೆಚ್ಚಿನ ಸ್ಮರಣೆ ಬೇಕಾಗುವುದರಿಂದ 4 ಜಿಬಿ ಇರುವುದು ಒಳ್ಳೆಯದು.

(ಆ) ಸಂಗ್ರಹ: ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಹಾಕಿಸಿದಲ್ಲಿ ಯಂತ್ರದ ವೇಗದಲ್ಲಿ ಎದ್ದು ಕಾಣುವ ವ್ಯತ್ಯಾಸವಾಗುತ್ತದೆ. ಒಂದೇ ಒಂದು ಖರ್ಚು ಮಾಡಲು ಶಕ್ತರಿರುವವರು ಇದನ್ನೇ ಮಾಡುವುದು ಲಾಭಕರ.

(ಇ) ಸಂಸ್ಕಾರಕ: 32 ಬಿಟ್‌ನ ತೀರ ಹಳೆಯ ಯಂತ್ರಗಳಿಗೆ ಉಬುಂಟು ಈಗ ಲಭ್ಯವಿಲ್ಲ. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13 ಸಹ ಅಂತಹ ಯಂತ್ರಗಳಲ್ಲಿ ಹೊಸದಾಗಿ ಸ್ಥಾಪಿಸುವ ಸೌಲಭ್ಯವನ್ನು ಕೈಬಿಟ್ಟಿದೆ. ಯಂತ್ರವು 64 ಬಿಟ್‌ನದೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.

(ಈ) ಕಲಿಕೆಯ ಸಮಯ: ಸಿಬ್ಬಂದಿ ಅಥವಾ ಮನೆಯವರು ಹೊಸ ವ್ಯವಸ್ಥೆಗೆ ಒಗ್ಗಿಕೊಳ್ಳಲು ಕೆಲವು ದಿನಗಳು ಬೇಕು. ವಿದ್ಯಾರ್ಥಿವೇತನದ ಕೊನೆಯ ದಿನಾಂಕ, ಸಂಘದ ವಾರ್ಷಿಕ ಲೆಕ್ಕ ಪರಿಶೋಧನೆ ಮುಂತಾದ ಒತ್ತಡದ ದಿನಗಳಲ್ಲಿ ಬದಲಾವಣೆ ಮಾಡಬಾರದು.

ಸ್ಥಾಪಿಸುವ ಮೊದಲು ಪೆನ್‌ಡ್ರೈವ್‌ನಿಂದ ನೇರವಾಗಿ ಲಿನಕ್ಸ್ ಚಾಲನೆ ಮಾಡಿ ನೋಡುವ ಸೌಲಭ್ಯವಿದೆ. ಇದರಿಂದ ಯಂತ್ರದಲ್ಲಿರುವ ಕಡತಗಳಿಗೆ ಧಕ್ಕೆಯಾಗುವುದಿಲ್ಲ. ವೈಫೈ, ಧ್ವನಿ, ಮುದ್ರಕ, ಸ್ಕ್ಯಾನರ್ ಈ ನಾಲ್ಕನ್ನೂ ಪರೀಕ್ಷಿಸಿದ ಅನಂತರವೇ ಮುಂದುವರಿಯುವುದು ಕ್ಷೇಮ. ಸ್ಥಾಪಿಸುವಾಗ ಇಡೀ ಡಿಸ್ಕನ್ನು ಅಳಿಸುವ ಆಯ್ಕೆಯೂ ಇರುವುದರಿಂದ, ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡದೆ ಆ ಹಂತಕ್ಕೆ ಹೋಗಬಾರದು.

ದೀರ್ಘಾವಧಿ ಬೆಂಬಲದ ಆವೃತ್ತಿಯನ್ನೇ ಆಯ್ಕೆ ಮಾಡಿಕೊಳ್ಳುವುದು ಸೂಕ್ತ. ಉಬುಂಟುವಿನ ಇಂತಹ ಆವೃತ್ತಿಯು ಎರಡು ವರ್ಷಗಳಿಗೊಮ್ಮೆ ಹೊರಬರುತ್ತಿದ್ದು, ಅದಕ್ಕೆ 5 ವರ್ಷಗಳ ಉಚಿತ ಭದ್ರತಾ ಬೆಂಬಲವಿರುತ್ತದೆ.

5. ಕನ್ನಡದಲ್ಲಿ ಹೆಸರು ಬರೆಯುವಾಗ ಗಮನಿಸಬೇಕಾದುದು

ಅರ್ಜಿದಾರರಿಗೆ ಅತಿ ಮುಖ್ಯವಾದ ಭಾಗ ಇದು. ಒಂದು ದಾಖಲೆಯ ಹೆಸರಿಗೂ ಮತ್ತೊಂದು ದಾಖಲೆಯ ಹೆಸರಿಗೂ ತಾಳೆಯಾಗದಿದ್ದಲ್ಲಿ ಸೌಲಭ್ಯ ದೊರೆಯುವುದು ವಿಳಂಬವಾಗುತ್ತದೆ. ಕಾಗದದಲ್ಲಿ ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಹೆಸರುಗಳು ಗಣಕಯಂತ್ರದ ಪಾಲಿಗೆ ಬೇರೆ ಬೇರೆಯಾಗಿರಬಹುದು.

5.1 ಯೂನಿಕೋಡ್ ಮತ್ತು ಹಳೆಯ ಅಕ್ಷರ ಸಂಕೇತ

ಯೂನಿಕೋಡ್ ಎಂಬುದು ಜಗತ್ತಿನ ಲಿಪಿಗಳಿಗೆ ಸಂಖ್ಯೆಗಳನ್ನು ಗೊತ್ತುಪಡಿಸಿರುವ ಮಾನಕ. 1991ರ ಅದರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದ್ದು, 128 ಸ್ಥಾನಗಳನ್ನು ಮೀಸಲಿಡಲಾಗಿದೆ. ಇದಕ್ಕೆ ಮುನ್ನ ಹಾಗೂ ಆನಂತರವೂ ಅನೇಕ ವರ್ಷ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಬಳಕೆಯಲ್ಲಿದ್ದ ಅಕ್ಷರ ವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಅಂತಹ ಕಡತವನ್ನು ಆ ಅಕ್ಷರ ವಿನ್ಯಾಸವಿಲ್ಲದ ಲಿನಕ್ಸ್ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು ಕಾಣುತ್ತವೆ. ಕಡತವು ಕೆಟ್ಟಿದೆ ಎಂದು ಭಾವಿಸಿ ಅಳಿಸಬಾರದು. ಹಳೆಯ ಸಂಕೇತವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಲಭ್ಯವಿವೆ. ಪರಿವರ್ತಿಸಿದ ಅನಂತರ ಹೆಸರು, ಸರ್ವೆ ನಂಬರು ಮತ್ತು ಮೊಬಲಗುಗಳನ್ನು ಮೂಲದೊಡನೆ ಸಾಲು ಸಾಲಾಗಿ ತಾಳೆ ನೋಡತಕ್ಕದ್ದು. ಮೂಲ ಕಡತವನ್ನೂ ಉಳಿಸಿಕೊಳ್ಳತಕ್ಕದ್ದು.

5.2 ಕೀಲಿಮಣೆ

ಕೆ. ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಎಲ್ಲೆಡೆ ರೂಢಿಗೆ ಬಂದ ಧ್ವನ್ಯಾತ್ಮಕ ವಿನ್ಯಾಸವು ಲಿನಕ್ಸ್‌ನಲ್ಲಿ ‘ಕಗಪ’ ಎಂಬ ಹೆಸರಿನಲ್ಲಿ ಮೊದಲೇ ಅಡಕವಾಗಿದೆ. ಭಾಷೆ ಮತ್ತು ಕೀಲಿಮಣೆಯ ಆಯ್ಕೆಗಳಲ್ಲಿ ಕನ್ನಡವನ್ನು ಸೇರಿಸಿ ಕಗಪ ವಿನ್ಯಾಸವನ್ನು ಆರಿಸಿಕೊಂಡರೆ ಸಾಕು. ಬೇರೆ ತಂತ್ರಾಂಶ ಬೇಕಾಗಿಲ್ಲ. ಕಚೇರಿಗಳಲ್ಲಿ ನುಡಿಯಲ್ಲಿ ಬೆರಳಚ್ಚು ಮಾಡಿ ಅಭ್ಯಾಸವಿರುವವರಿಗೆ ಇದರಿಂದ ಹೊಸ ಕಲಿಕೆಯ ತೊಂದರೆ ಇರುವುದಿಲ್ಲ. ಭಾರತ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಲಭ್ಯವಿದೆ.

5.3 ಅಕ್ಷರಗಳು ಸರಿಯಾಗಿ ಮೂಡುತ್ತಿವೆಯೇ

2000ರ ದಶಕದ ಆರಂಭದಲ್ಲಿ ಲಿನಕ್ಸ್‌ನ ಜಾಲ ವೀಕ್ಷಕಗಳಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಕಾಣುತ್ತಿದ್ದವು. ಈಗ ಫೈರ್‌ಫಾಕ್ಸ್, ಕ್ರೋಮ್ ಮತ್ತು ಲಿಬ್ರೆಆಫೀಸ್ ಮೂರರಲ್ಲೂ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶವಿರುವುದರಿಂದ ಈ ತೊಂದರೆ ಬಹುಮಟ್ಟಿಗೆ ನಿವಾರಣೆಯಾಗಿದೆ. ಲೋಹಿತ್, ಗುಬ್ಬಿ, ನವಿಲು, ನೋಟೊ ಎಂಬ ಕನ್ನಡ ಅಕ್ಷರ ವಿನ್ಯಾಸಗಳು ಉಚಿತವಾಗಿ ದೊರೆಯುತ್ತವೆ.

ಹೊಸದಾಗಿ ಸಿದ್ಧಪಡಿಸಿದ ಯಂತ್ರದಲ್ಲಿ ಈ ನಾಲ್ಕು ಪದಗಳನ್ನು ಬರೆದು, ಮುದ್ರಿಸಿ ನೋಡಬಹುದು: ಕಣಕಟ್ಟೆ, ಅರಸೀಕೆರೆ, ಗಂಡಸಿ, ಕರ್ನಾಟಕ. ಮೊದಲನೆಯದರಲ್ಲಿ ಒತ್ತಕ್ಷರ, ಎರಡನೆಯದರಲ್ಲಿ ದೀರ್ಘ, ಮೂರನೆಯದರಲ್ಲಿ ಅನುಸ್ವಾರ, ನಾಲ್ಕನೆಯದರಲ್ಲಿ ಅರ್ಕಾವತ್ತು ಪರೀಕ್ಷೆಯಾಗುತ್ತವೆ. ಚುಕ್ಕೆಗಳ ವೃತ್ತವಾಗಲಿ ಖಾಲಿ ಚೌಕವಾಗಲಿ ಕಂಡಲ್ಲಿ ಅಕ್ಷರ ವಿನ್ಯಾಸ ಇಲ್ಲವೆಂದೋ ಅಕ್ಷರಗಳ ಕ್ರಮ ತಪ್ಪಿದೆಯೆಂದೋ ತಿಳಿಯಬೇಕು.

5.4 ಕಣ್ಣಿಗೆ ಕಾಣದ ವ್ಯತ್ಯಾಸಗಳು

(ಅ) ಅನುಸ್ವಾರ ಮತ್ತು ಸೊನ್ನೆ: ‘ಗಂಡಸಿ’ ಎಂಬುದನ್ನು ಅನುಸ್ವಾರದ ಬದಲು ಕನ್ನಡದ ಸೊನ್ನೆಯಿಂದ ‘ಗ೦ಡಸಿ’ ಎಂದು ಬರೆದರೆ ನೋಡಲು ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಹುಡುಕಿದಾಗ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ರಂಗಪ್ಪ, ಗಂಗಮ್ಮ, ನಂಜುಂಡ ಎಂಬಂತಹ ಹೆಸರುಳ್ಳವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಕಗಪ ವಿನ್ಯಾಸದಲ್ಲಿ ಶಿಫ್ಟ್ ಒತ್ತಿಕೊಂಡು ‘ಎಂ’ ಕೀಲಿಯನ್ನು ಒತ್ತಿದಾಗ ಅನುಸ್ವಾರ ಮೂಡುತ್ತದೆ.

(ಆ) ಒಂದೇ ಸ್ವರ, ಎರಡು ಬರೆವಣಿಗೆ: ‘ಸೀ’ ಎಂಬಲ್ಲಿನ ದೀರ್ಘವನ್ನು ಒಂದೇ ಸಂಕೇತವಾಗಿಯೂ, ಗುಡಿಸು ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಶೇಖರಿಸಲು ಯೂನಿಕೋಡ್‌ನಲ್ಲಿ ಅವಕಾಶವಿದೆ. ಎರಡೂ ಸಮಾನವೆಂದು ಮಾನಕ ಹೇಳುತ್ತದಾದರೂ ಕೆಲವು ತಂತ್ರಾಂಶಗಳು ಅವುಗಳನ್ನು ಬೇರೆಯೆಂದೇ ಎಣಿಸುತ್ತವೆ. ಪರಿವರ್ತಿಸಿದ ಪಠ್ಯವನ್ನು ಅರ್ಜಿಗೆ ನಕಲಿಸುವ ಬದಲು ಹೆಸರನ್ನು ಹೊಸದಾಗಿ ಬೆರಳಚ್ಚು ಮಾಡುವುದು ಸುರಕ್ಷಿತ.

(ಇ) ಅಗೋಚರ ಸಂಕೇತ: ‘ರ‍್ಯಾಂಕ್’ ಎಂಬಲ್ಲಿ ಅರ್ಕಾವತ್ತು ಬಾರದಂತೆ ತಡೆಯಲು ಕಣ್ಣಿಗೆ ಕಾಣದ ಜೋಡಣೆ ಸಂಕೇತವೊಂದನ್ನು ಬಳಸಲಾಗುತ್ತದೆ. ಬೇರೆಡೆಯಿಂದ ನಕಲಿಸಿದ ಹೆಸರಿನೊಡನೆ ಇಂತಹ ಸಂಕೇತ ಅಥವಾ ಕೊನೆಯ ಖಾಲಿ ಜಾಗ ಸೇರಿಕೊಂಡಿರಬಹುದು.

ಮೇಲ್ಕಂಡ ಮೂರೂ ವ್ಯತ್ಯಾಸಗಳು ಯಾವುದೇ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಸಂಭವಿಸುತ್ತವೆ, ಲಿನಕ್ಸ್‌ಗೆ ಸೀಮಿತವಲ್ಲ. ಹೆಸರು ಸರಿಯಿದ್ದರೂ ‘ದಾಖಲೆ ದೊರೆತಿಲ್ಲ’ ಎಂಬ ಉತ್ತರ ಬಂದಾಗ ಇವುಗಳನ್ನು ಪರಿಶೀಲಿಸುವುದು ಉಪಯುಕ್ತ.

6. ಅರ್ಜಿಯೊಂದಿಗೆ ಲಗತ್ತಿಸುವ ದಾಖಲೆಗಳು

ಸ್ಕ್ಯಾನರ್ ಬಳಕೆಗೆ ಲಿನಕ್ಸ್ ವಿತರಣೆಗಳಲ್ಲಿ ಸರಳವಾದ ತಂತ್ರಾಂಶ ಲಭ್ಯವಿದ್ದು, ಹಲವು ಪುಟಗಳನ್ನು ಒಂದೇ ಪಿಡಿಎಫ್ ಕಡತವಾಗಿ ಮಾಡಬಹುದು. ಅಪ್‌ಲೋಡ್ ಮಾಡುವ ಕಡತಕ್ಕೆ ಗಾತ್ರದ ಮಿತಿ ಇರುವುದು ಸಾಮಾನ್ಯ. ಬಣ್ಣದಲ್ಲಿ, ಅತಿ ಹೆಚ್ಚಿನ ಸೂಕ್ಷ್ಮತೆಯಲ್ಲಿ ಸ್ಕ್ಯಾನ್ ಮಾಡಿದ ಕಡತವು ಈ ಮಿತಿಯನ್ನು ಮೀರುತ್ತದೆ. ಬರವಣಿಗೆಯ ದಾಖಲೆಗೆ ಅಂಗುಲಕ್ಕೆ 200 ಚುಕ್ಕೆಗಳ ಸೂಕ್ಷ್ಮತೆ, ಬೂದು ಬಣ್ಣ ಸಾಕು. ಹಾಗಿದ್ದೂ ದೊಡ್ಡದಾದಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಆಧರಿಸಿದ ತಂತ್ರಾಂಶದಿಂದ ಕುಗ್ಗಿಸಬಹುದು. ಕುಗ್ಗಿಸಿದ ಅನಂತರ ಮೊಹರು ಮತ್ತು ಕ್ರಮಸಂಖ್ಯೆ ಓದಲು ಬರುತ್ತವೆಯೇ ಎಂದು ನೋಡತಕ್ಕದ್ದು. ಆಧಾರ್ ಪ್ರತಿಯಂತಹ ದಾಖಲೆಗಳನ್ನು ಅಪರಿಚಿತ ಜಾಲತಾಣಗಳಿಗೆ ಕಳುಹಿಸಿ ಕುಗ್ಗಿಸಿಕೊಳ್ಳಬಾರದು.

ಸ್ವಂತವಾಗಿ ಸಿದ್ಧಪಡಿಸಿದ ಮನವಿಪತ್ರಗಳನ್ನು ಲಿಬ್ರೆಆಫೀಸ್‌ನಿಂದ ಪಿಡಿಎಫ್ ಆಗಿ ರಫ್ತು ಮಾಡಿ ಕಳುಹಿಸುವುದು ಉತ್ತಮ. ಅಕ್ಷರ ವಿನ್ಯಾಸವು ಕಡತದೊಳಗೇ ಅಡಕವಾಗುವುದರಿಂದ ಸ್ವೀಕರಿಸುವ ಕಚೇರಿಯಲ್ಲಿಯೂ ಅದೇ ರೀತಿ ಕಾಣುತ್ತದೆ.

ಡಿಜಿಟಲ್ ಸಹಿಯುಳ್ಳ ಪ್ರಮಾಣಪತ್ರವನ್ನು ತೆರೆದಾಗ ಸಹಿಯನ್ನು ಪರಿಶೀಲಿಸಲಾಗಿಲ್ಲ ಎಂಬ ಅರ್ಥದ ಸೂಚನೆ ಬರಬಹುದು. ಕೆಲವು ತಂತ್ರಾಂಶಗಳಲ್ಲಿ ಸಹಿಯ ವಿವರವೇ ಕಾಣದಿರಬಹುದು. ಭಾರತದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ಮೂಲ ಪ್ರಮಾಣಪತ್ರವನ್ನು ಆ ತಂತ್ರಾಂಶದಲ್ಲಿ ನಂಬಿಕಸ್ತವೆಂದು ಸೇರಿಸದೇ ಇರುವುದು ಇದಕ್ಕೆ ಸಾಮಾನ್ಯ ಕಾರಣ. ಇಷ್ಟರಿಂದಲೇ ಪ್ರಮಾಣಪತ್ರವು ನಕಲಿಯೆಂದು ತಿಳಿಯತಕ್ಕದ್ದಲ್ಲ. ನಾಡಕಚೇರಿ ಪ್ರಮಾಣಪತ್ರದಲ್ಲಿರುವ ಆರ್‌ಡಿ ಸಂಖ್ಯೆಯ ಮೂಲಕ ಅಧಿಕೃತ ಜಾಲತಾಣದಲ್ಲಿ ನೈಜತೆಯನ್ನು ಪರಿಶೀಲಿಸಬಹುದು.

ಸಕಾಲ ಯೋಜನೆಯಡಿ ಬರುವ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಜಿಎಸ್‌ಸಿ ಸಂಖ್ಯೆಯುಳ್ಳ ಸ್ವೀಕೃತಿ ದೊರೆಯುತ್ತದೆ. ವಿಳಂಬವಾದಲ್ಲಿ ಮೇಲ್ಮನವಿಗೆ ಇದೇ ಆಧಾರ. ಸ್ವೀಕೃತಿಯನ್ನು ಆ ಸಂಖ್ಯೆಯ ಹೆಸರಿನಲ್ಲೇ ಉಳಿಸಿ, ಒಂದು ಪ್ರತಿಯನ್ನು ಮುದ್ರಿಸಿಟ್ಟುಕೊಳ್ಳತಕ್ಕದ್ದು.

7. ಮುದ್ರಕ, ಬಯೋಮೆಟ್ರಿಕ್ ಮತ್ತು ಡಿಜಿಟಲ್ ಸಹಿ ಸಾಧನಗಳು

ಲಿನಕ್ಸ್ ಬಳಕೆಯಲ್ಲಿ ಹೆಚ್ಚಿನ ತೊಂದರೆ ಎದುರಾಗುವುದು ಈ ಸಾಧನಗಳಲ್ಲಿ. ಇದನ್ನು ಮರೆಮಾಚದೆ ತಿಳಿಸುವುದು ಅಗತ್ಯ.

ಮುದ್ರಕ: ಜಾಲದ ಮೂಲಕ ಚಾಲಕವಿಲ್ಲದೆ ಮುದ್ರಿಸುವ ಮಾನಕಕ್ಕೆ ಹೊಂದುವ ಹೊಸ ಮಾದರಿಗಳು ಸಾಮಾನ್ಯವಾಗಿ ತಾವಾಗಿಯೇ ಗುರುತಿಸಲ್ಪಡುತ್ತವೆ. ಆದರೆ ಸಣ್ಣ ಕಚೇರಿ ಮತ್ತು ಅಂಗಡಿಗಳಲ್ಲಿ ವ್ಯಾಪಕವಾಗಿರುವ ಹಳೆಯ ಅಗ್ಗದ ಲೇಸರ್ ಮುದ್ರಕಗಳ ಕೆಲವು ಮಾದರಿಗಳು ತಯಾರಕರದೇ ಆದ ಮುದ್ರಣ ಭಾಷೆಯನ್ನು ಬಳಸುತ್ತವೆ. ಅವುಗಳಿಗೆ ಲಿನಕ್ಸ್ ಚಾಲಕ ದೊರೆಯುವುದು ಕಷ್ಟ. ದೊರೆತರೂ ತಿರುಳಿನ ಹೊಸ ಆವೃತ್ತಿಯೊಡನೆ ಹೊಂದದಿರಬಹುದು. ಮುದ್ರಕ ಖರೀದಿಸುವ ಮುನ್ನ ಮಾದರಿ ಸಂಖ್ಯೆಯನ್ನು ಪರಿಶೀಲಿಸತಕ್ಕದ್ದು.

ಬಯೋಮೆಟ್ರಿಕ್ ಸಾಧನ: ಆಧಾರ್ ದೃಢೀಕರಣಕ್ಕೆ ಬಳಸುವ ಬೆರಳು ಮುದ್ರೆ ಸಾಧನಗಳಿಗೆ ನೋಂದಾಯಿತ ಸಾಧನ ಸೇವೆ ಎಂಬ ತಂತ್ರಾಂಶ ಬೇಕು. ತಯಾರಕರು ಇದನ್ನು ಪ್ರಧಾನವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಒದಗಿಸುತ್ತಾರೆ. ಆದ್ದರಿಂದ ಗ್ರಾಮ ಒನ್ ಮುಂತಾದ ಸೇವಾ ಕೇಂದ್ರಗಳನ್ನು ನಡೆಸುವವರು ಎಲ್ಲ ಯಂತ್ರಗಳನ್ನೂ ಲಿನಕ್ಸ್‌ಗೆ ಬದಲಿಸದೆ, ಈ ಕೆಲಸಕ್ಕೆಂದು ಬೆಂಬಲವಿರುವ ಬೇರೊಂದು ಯಂತ್ರವನ್ನು ಉಳಿಸಿಕೊಳ್ಳುವುದು ವಿವೇಕಯುತ. ಒಟಿಪಿ ಮೂಲಕ ದೃಢೀಕರಿಸುವ ಸೇವೆಗಳಿಗೆ ಈ ಅಡ್ಡಿ ಇರುವುದಿಲ್ಲ.

ಡಿಜಿಟಲ್ ಸಹಿ ಟೋಕನ್: ಸಂಘದ ಕಾರ್ಯದರ್ಶಿಗಳು, ಗುತ್ತಿಗೆದಾರರು ಮುಂತಾದವರು ಬಳಸುವ ಯುಎಸ್‌ಬಿ ಟೋಕನ್‌ಗಳ ಪೈಕಿ ಹಲವಕ್ಕೆ ಲಿನಕ್ಸ್ ಚಾಲಕವಿದೆ. ಆದರೆ ಟೋಕನ್ ಗುರುತಿಸಲ್ಪಟ್ಟರೂ ಆಯಾ ಜಾಲತಾಣದ ಸಹಿ ತಂತ್ರಾಂಶಕ್ಕೆ ಲಿನಕ್ಸ್ ಆವೃತ್ತಿ ಇಲ್ಲದಿರಬಹುದು. ಟೆಂಡರ್ ಅಥವಾ ವಿವರಪಟ್ಟಿ ಸಲ್ಲಿಕೆಯ ಕೊನೆಯ ದಿನ ಇದನ್ನು ಪ್ರಯೋಗಿಸಬಾರದು.

8. ವಿದ್ಯುತ್ ವ್ಯತ್ಯಯ ಮತ್ತು ಯಂತ್ರದ ಗಡಿಯಾರ

ಗ್ರಾಮೀಣ ಭಾಗದಲ್ಲಿ ವಿದ್ಯುತ್ ದಿಢೀರನೆ ಕಡಿತವಾಗುವುದುಂಟು. ಲಿನಕ್ಸ್‌ನ ಇಎಕ್ಸ್‌ಟಿ4 ಕಡತ ವ್ಯವಸ್ಥೆಯು ಮಾಡಲಿರುವ ಬದಲಾವಣೆಯನ್ನು ಮೊದಲು ದಿನಚರಿಯಂತಹ ಒಂದು ಜಾಗದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಅಂಗಡಿಯಲ್ಲಿ ಖಾತೆ ಪುಸ್ತಕಕ್ಕೆ ಏರಿಸುವ ಮುನ್ನ ರೋಜುನಾಮೆಯಲ್ಲಿ ಬರೆದಿಡುವ ಕ್ರಮವನ್ನು ಇದು ಹೋಲುತ್ತದೆ. ಹೀಗಾಗಿ ಮರುಚಾಲನೆಯಾದಾಗ ಕಡತ ವ್ಯವಸ್ಥೆಯು ಬಹುತೇಕ ಸರಿಹೋಗುತ್ತದೆ. ಆದರೆ ಆ ಕ್ಷಣದಲ್ಲಿ ಬರೆಯುತ್ತಿದ್ದ, ಉಳಿಸದ ಪತ್ರವನ್ನು ಇದು ಉಳಿಸಿಕೊಡುವುದಿಲ್ಲ. ಯುಪಿಎಸ್ ಅಗತ್ಯವಾಗಿ ಇರಬೇಕು. ಅದರ ಬ್ಯಾಟರಿಯನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕು.

ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡಿನ ನಾಣ್ಯದಾಕಾರದ ಸೆಲ್ ಮುಗಿದಿದ್ದರೆ, ವಿದ್ಯುತ್ ಹೋಗಿ ಬಂದ ಪ್ರತಿ ಸಲವೂ ದಿನಾಂಕವು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳು ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಯಂತ್ರವು ಎಣಿಸಿ, ಯಾವ ಸೇವಾ ಜಾಲತಾಣವನ್ನೂ ತೆರೆಯಲು ನಿರಾಕರಿಸುತ್ತದೆ. ಅಂತರ್ಜಾಲ ಸಂಪರ್ಕ ಕೆಟ್ಟಿದೆಯೆಂದು ಅನೇಕರು ಭಾವಿಸುವುದುಂಟು. ಮೊದಲು ದಿನಾಂಕವನ್ನು ನೋಡಬೇಕು. ಸೆಲ್ ಬದಲಿಸಿ, ಸಮಯವನ್ನು ಅಂತರ್ಜಾಲದಿಂದ ಪಡೆಯುವ ಆಯ್ಕೆಯನ್ನು ಚಾಲನೆಯಲ್ಲಿಟ್ಟರೆ ತೊಂದರೆ ಬಗೆಹರಿಯುತ್ತದೆ.

9. ಸಣ್ಣ ಜಾಲತಾಣದ ಸರ್ವರ್

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಹಾಲು ಉತ್ಪಾದಕರ ಸಂಘ, ಶಾಲೆ ಅಥವಾ ಯುವಕ ಮಂಡಳಿಯು ಸೂಚನೆಗಳನ್ನು ಪ್ರಕಟಿಸಲು ಸಣ್ಣ ಜಾಲತಾಣ ನಡೆಸುವುದು ಲಿನಕ್ಸ್‌ನಿಂದ ಸುಲಭಸಾಧ್ಯ. 1995ರಿಂದ ಬಳಕೆಯಲ್ಲಿರುವ ಅಪಾಚೆ ಅಥವಾ ಎಂಜಿನ್‌ಎಕ್ಸ್ ತಂತ್ರಾಂಶವು ಪುಟಗಳನ್ನು ಬಡಿಸುವ ಕೆಲಸ ಮಾಡುತ್ತದೆ. ಸೂಚನೆಗಳಷ್ಟೇ ಇರುವಲ್ಲಿ ದತ್ತಾಂಶ ಕೋಶವಿಲ್ಲದ ಸರಳ ಪುಟಗಳೇ ಸಾಕು. ಅವುಗಳಲ್ಲಿ ಕೆಡುವ ಭಾಗಗಳು ಕಡಿಮೆ.

(ಅ) ಸ್ಥಳ: ಮನೆ ಅಥವಾ ಕಚೇರಿಯ ಸಾಮಾನ್ಯ ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೆ ಸ್ಥಿರ ವಿಳಾಸವಿರುವುದಿಲ್ಲ, ಹಲವು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಂಡಿರುತ್ತಾರೆ. ಹೀಗಾಗಿ ಹೊರಗಿನವರು ನೇರವಾಗಿ ತಲುಪಲಾಗದು. ಸಾರ್ವಜನಿಕ ಜಾಲತಾಣಕ್ಕೆ ಬಾಡಿಗೆ ಸರ್ವರ್ ಪಡೆಯುವುದೂ, ಕಚೇರಿಯೊಳಗಿನ ಕಡತ ಹಂಚಿಕೆಗೆ ಮಾತ್ರ ಹಳೆಯ ಯಂತ್ರವನ್ನು ಬಳಸುವುದೂ ಸೂಕ್ತ. ಎಸ್‌ಡಿ ಕಾರ್ಡಿನಿಂದ ನಡೆಯುವ ಪುಟ್ಟ ಗಣಕಗಳಲ್ಲಿ ವಿದ್ಯುತ್ ಕಡಿತದಿಂದ ಕಾರ್ಡು ಕೆಡುವ ಸಂಭವವಿರುತ್ತದೆ.

(ಆ) ಪ್ರವೇಶ: ಹೊಸ ಸರ್ವರ್ ಅಂತರ್ಜಾಲಕ್ಕೆ ಸೇರಿದ ಕೆಲವೇ ಸಮಯದಲ್ಲಿ ಅಪರಿಚಿತ ವಿಳಾಸಗಳಿಂದ ಗುಪ್ತಪದ ಊಹಿಸುವ ಪ್ರಯತ್ನಗಳು ಆರಂಭವಾಗುತ್ತವೆ. ಇವು ಸ್ವಯಂಚಾಲಿತವಾದವು, ಸಂಸ್ಥೆ ಚಿಕ್ಕದೆಂಬ ಕಾರಣಕ್ಕೆ ವಿನಾಯಿತಿ ಇರುವುದಿಲ್ಲ. ದೂರದಿಂದ ಪ್ರವೇಶಿಸಲು ಗುಪ್ತಪದದ ಬದಲು ಕೀಲಿ ಕಡತವನ್ನು ಬಳಸಿ, ಮೂಲ ಆಡಳಿತ ಖಾತೆಯ ನೇರ ಪ್ರವೇಶವನ್ನು ನಿರ್ಬಂಧಿಸತಕ್ಕದ್ದು.

(ಇ) ಸುರಕ್ಷತಾ ಪ್ರಮಾಣಪತ್ರ: 2015ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು ಉಚಿತ ಪ್ರಮಾಣಪತ್ರ ನೀಡುತ್ತಿದೆ. ಆರಂಭದಿಂದಲೂ ಅದರ ರೂಢಿಯ ಅವಧಿ 90 ದಿನಗಳಾಗಿದ್ದು, ಇದನ್ನು ಹಂತಹಂತವಾಗಿ ಕಡಿಮೆ ಮಾಡುವುದಾಗಿ ಸಂಸ್ಥೆ ಪ್ರಕಟಿಸಿದೆ. ಸ್ವಯಂ ನವೀಕರಣ ನಿಂತುಹೋದಲ್ಲಿ ಜಾಲತಾಣವು ಅಸುರಕ್ಷಿತವೆಂಬ ಎಚ್ಚರಿಕೆ ಕಾಣುತ್ತದೆ.

(ಈ) ಜಾಗ ತುಂಬುವುದು: ಚೆನ್ನಾಗಿ ನಡೆಯುತ್ತಿದ್ದ ಸರ್ವರ್ ಇದ್ದಕ್ಕಿದ್ದಂತೆ ನಿಲ್ಲಲು ಸಾಮಾನ್ಯ ಕಾರಣಗಳಲ್ಲೊಂದು ಡಿಸ್ಕ್ ತುಂಬಿರುವುದು. ದಿನಚರಿ ಕಡತಗಳು ಮತ್ತು ಹಳೆಯ ಬ್ಯಾಕಪ್‌ಗಳು ಸದ್ದಿಲ್ಲದೆ ಬೆಳೆಯುತ್ತವೆ. ತಿಂಗಳಿಗೊಮ್ಮೆ ಉಳಿದಿರುವ ಜಾಗವನ್ನು ಪರಿಶೀಲಿಸಬೇಕು. ದಿನಚರಿ ಅಳಿಸುವ ಮುನ್ನ, ನಿಗಮಿತ ಸಂಸ್ಥೆಗಳು 180 ದಿನಗಳ ದಿನಚರಿ ಉಳಿಸಿಕೊಳ್ಳಬೇಕೆಂದೂ, ಸೈಬರ್ ದಾಳಿಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನಗಳಲ್ಲಿ ಹೇಳಿರುವುದನ್ನು ಗಮನಿಸತಕ್ಕದ್ದು.

(ಉ) ಸದಸ್ಯರ ವಿವರ: ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ಆಧಾರ್ ಅಧಿನಿಯಮ, 2016 ನಿಷೇಧಿಸಿದೆ. ಫಲಾನುಭವಿಗಳ ಪಟ್ಟಿಯನ್ನು ಹಾಕುವಾಗ ಆಧಾರ್, ಬ್ಯಾಂಕ್ ಖಾತೆ ಮತ್ತು ದೂರವಾಣಿ ಸಂಖ್ಯೆಗಳಿರುವ ಕಲಂಗಳನ್ನು ತೆಗೆದುಹಾಕತಕ್ಕದ್ದು. ಕಲಂ ಮರೆಮಾಡಿದ ಮಾತ್ರಕ್ಕೆ ಅದು ಕಡತದಿಂದ ಹೋಗುವುದಿಲ್ಲ.

10. ಎರಡನೇ ಪ್ರತಿ ಮತ್ತು ಮೇಲ್ವಿಚಾರಣೆ

ಡಿಸ್ಕ್ ಎಂದಾದರೊಂದು ದಿನ ಕೆಡುತ್ತದೆ. ಒಂದು ಪ್ರತಿ ಯಂತ್ರದಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಬೇರೆ ಕಟ್ಟಡದಲ್ಲಿ ಇರುವುದು ಕ್ಷೇಮಕರ. ಹೊರಗಿನ ಡಿಸ್ಕನ್ನು ಸದಾ ಯಂತ್ರಕ್ಕೆ ಜೋಡಿಸಿಟ್ಟಲ್ಲಿ ಸಿಡಿಲಿನಿಂದ ಎರಡೂ ಒಟ್ಟಿಗೆ ಹಾಳಾಗಬಹುದು. ನಗದು ಪುಸ್ತಕವನ್ನು ಪಾಸ್‌ಬುಕ್ಕಿನೊಡನೆ ತಾಳೆ ನೋಡುವಂತೆ, ಬ್ಯಾಕಪ್‌ನಿಂದ ಒಂದು ಕಡತವನ್ನು ತೆರೆದು ನೋಡುವುದನ್ನು ತಿಂಗಳ ಕೆಲಸವಾಗಿ ಇಟ್ಟುಕೊಳ್ಳತಕ್ಕದ್ದು. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಎಣಿಸುವಂತಿಲ್ಲ.

ಸಂಸ್ಥೆಗಳಲ್ಲಿ ಲಿನಕ್ಸ್ ಕೈಬಿಡಲು ಸಾಮಾನ್ಯ ಕಾರಣವೆಂದರೆ, ಸ್ಥಾಪಿಸಿಕೊಟ್ಟ ವ್ಯಕ್ತಿಯು ಊರು ಬಿಟ್ಟಾಗ ಗುಪ್ತಪದವೂ ವಿಧಾನವೂ ಯಾರಿಗೂ ತಿಳಿಯದಿರುವುದು. ಆದ್ದರಿಂದ ಒಂದು ವಹಿಯಲ್ಲಿ ವಿತರಣೆಯ ಹೆಸರು ಮತ್ತು ಆವೃತ್ತಿ, ಬೆಂಬಲ ಮುಗಿಯುವ ವರ್ಷ, ಮುದ್ರಕದ ಮಾದರಿ, ಡೊಮೇನ್ ನವೀಕರಣದ ದಿನಾಂಕ, ಬ್ಯಾಕಪ್ ಇರುವ ಸ್ಥಳಗಳನ್ನು ಬರೆದಿಟ್ಟು, ಗುಪ್ತಪದಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಬೀರುವಿನಲ್ಲಿ ಇರಿಸತಕ್ಕದ್ದು. ಕಾರ್ಯದರ್ಶಿ ಬದಲಾದಾಗ ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಇದನ್ನೂ ಸೇರಿಸುವುದು ಒಳ್ಳೆಯದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಲಿನಕ್ಸ್‌ನಿಂದ ಸಲ್ಲಿಸಿದ ಅರ್ಜಿಯನ್ನು ಕಚೇರಿಯಲ್ಲಿ ಬೇರೆಯಾಗಿ ಪರಿಗಣಿಸಲಾಗುತ್ತದೆಯೇ?
ಉತ್ತರ: ಇಲ್ಲ. ಜಾಲತಾಣಕ್ಕೆ ತಲುಪುವುದು ಭರ್ತಿ ಮಾಡಿದ ವಿವರ ಮತ್ತು ಲಗತ್ತುಗಳು ಮಾತ್ರ.

ಪ್ರಶ್ನೆ: ವೈರಸ್ ನಿರೋಧಕ ತಂತ್ರಾಂಶ ಬೇಡವೇ?
ಉತ್ತರ: ವಿಂಡೋಸ್‌ಗೆಂದು ಬರೆದ ವೈರಸ್‌ಗಳು ಸಾಮಾನ್ಯವಾಗಿ ಇಲ್ಲಿ ನಡೆಯುವುದಿಲ್ಲ. ಆದರೆ ಪೆನ್‌ಡ್ರೈವ್ ಮೂಲಕ ಅವು ಮುಂದಿನ ಯಂತ್ರಕ್ಕೆ ಸಾಗಬಹುದು. ಭದ್ರತಾ ಪರಿಷ್ಕರಣೆಗಳನ್ನು ತಪ್ಪದೆ ಹಾಕುವುದು ಮುಖ್ಯ. ಒಟಿಪಿ ಕೇಳಿ ವಂಚಿಸುವವರಿಂದ ಯಾವ ಕಾರ್ಯಾಚರಣೆ ವ್ಯವಸ್ಥೆಯೂ ರಕ್ಷಿಸಲಾರದು.

ಪ್ರಶ್ನೆ: ಪರಿಷ್ಕರಣೆ ಹಾಕಿದ ಮೇಲೆ ಯಂತ್ರ ಚಾಲನೆಯಾಗದಿದ್ದರೆ?
ಉತ್ತರ: ಉಬುಂಟು, ಡೆಬಿಯನ್‌ಗಳಲ್ಲಿ ಹಿಂದಿನ ತಿರುಳನ್ನು ಉಳಿಸಿಕೊಂಡಿರಲಾಗುತ್ತದೆ. ಆರಂಭದ ಪಟ್ಟಿಯಲ್ಲಿ ಅದನ್ನು ಆರಿಸಿ ಚಾಲನೆ ಮಾಡಬಹುದು. ಇದೂ ಆಗದಿದ್ದಲ್ಲಿ ಪೆನ್‌ಡ್ರೈವ್‌ನಿಂದ ಚಾಲನೆ ಮಾಡಿ ಕಡತಗಳನ್ನು ಹೊರತೆಗೆಯಬಹುದು.

ಪ್ರಶ್ನೆ: ಇಂಗ್ಲಿಷ್ ಬಾರದವರು ಬಳಸಬಹುದೇ?
ಉತ್ತರ: ಸ್ಥಾಪನೆಯ ವೇಳೆಯಲ್ಲೇ ಕನ್ನಡವನ್ನು ಆರಿಸಿಕೊಳ್ಳಬಹುದು. ಸ್ವಯಂಸೇವಕರ ಅನುವಾದವು ಎಲ್ಲ ಕಡೆಯೂ ಪೂರ್ಣವಾಗಿಲ್ಲದ ಕಾರಣ ಕೆಲವು ಆಯ್ಕೆಗಳು ಇಂಗ್ಲಿಷಿನಲ್ಲೇ ಕಾಣುತ್ತವೆ.

12. ಸೂಚನೆ

ಅರ್ಜಿದಾರರು ಕೊನೆಯ ದಿನಾಂಕದವರೆಗೆ ಕಾಯದೆ, ಹೆಸರು ಮತ್ತು ಲಗತ್ತುಗಳನ್ನು ಮೇಲೆ ತಿಳಿಸಿದಂತೆ ಪರಿಶೀಲಿಸಿ ಅರ್ಜಿ ಸಲ್ಲಿಸುವುದು. ಗಣಕಯಂತ್ರದ ತೊಂದರೆಯಿಂದ ಮನೆಯಿಂದ ಅರ್ಜಿ ಸಲ್ಲಿಸಲಾಗದವರು ಹೋಬಳಿ ಮಟ್ಟದ ನಾಡಕಚೇರಿಯಲ್ಲಿ ಖುದ್ದಾಗಿ ಅರ್ಜಿ ಸಲ್ಲಿಸಬಹುದಾಗಿದೆ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.